ಮೂಗಿನ ಲೆಕ್ಕ

ಕಾಂಗೋ ನದಿಯ ಬಲದಂಡೆ, ಏಳನೇ ತುಂಡು.
ತುಂಡೆಂದರೆ ನೂರು ಮೀಟರು ಉದ್ದ, ನೂರು ಅಗಲ,
ಮೂಲೆಗೊಂದು ನೀಲಿ ಬಳಿದ ಗೂಟ,
ಮರಕ್ಕೊಂದು ತಗಡಿನ ಬಿಲ್ಲೆ, ಬಿಲ್ಲೆಗೊಂದು ನಂಬರು.
ಟೇಪು ಹಿಡಿಯುವವನು ಅಸುಮಾನಿ,
ಬರೆದುಕೊಳ್ಳುವವಳು ನಾನು,
ಹೆಸರು ಹೇಳುವವನು ಮುದುಕ ಲೊಫೆಂಬೆ.

ಎಲೆಗಳಿರುವುದು ನಲವತ್ತು ಮೀಟರು ಮೇಲೆ, ಹಕ್ಕಿಗಳ ಕೇರಿಯಲ್ಲಿ.
ನಮಗೆ ಸಿಗುವುದು ಕಂಬ ಮಾತ್ರ.
ಅದಕ್ಕೇ ಅವನು ಮಚ್ಚಿನ ತುದಿಯಿಂದ
ತೊಗಟೆಯ ಒಂದು ಚಕ್ಕೆ ಎಬ್ಬಿಸಿ
ಕೂಸಿನ ನೆತ್ತಿ ಮೂಸುವ ಹಾಗೆ ಮೂಸುತ್ತಿದ್ದ.

ಬೆಳ್ಳುಳ್ಳಿ ಘಾಟಿನದು ನನಗೂ ಗೊತ್ತು,
ನಮ್ಮ ಮೀನಿನ ಸಾರಿಗೆ ಅದೇ ತೊಗಟೆ.
ಮೆಣಸಿನ ಹಾಗೆ ಮೂಗು ಕೆರೆಯುವುದು ಸಪೆಲ್ಲಿ,
ಆಗಸ್ಟಿನಲ್ಲಿ ಅದರ ಕೊಂಬೆಯಿಂದ ಹುಳು ಉದುರುತ್ತವೆ,
ಬುಟ್ಟಿಗಟ್ಟಲೆ, ಒಣಗಿಸಿದರೆ ಸಂತೆಗೆ.
ಮೂರು ವರ್ಷ ನನ್ನ ಶಾಲೆಯ ಫೀಜು ಕಟ್ಟಿದ್ದು
ಆ ಹುಳುಗಳೇ.

ಹೋದ ಮಳೆಗಾಲ ಮುದುಕನಿಗೆ ಜ್ವರ ಬಂತು.
ಜ್ವರ ಇಳಿಯಿತು. ಏನನ್ನೋ ಕೊಂಡುಹೋಗಿತ್ತು.
ಅವನು ಯಾರಿಗೂ ಹೇಳಲಿಲ್ಲ.

ನೂರಾ ಹದಿನಾಲ್ಕನೇ ಮರ: ಬಹಳ ಹೊತ್ತು ಮೂಸಿ, ಲಿಂಬಾಲಿ, ಎಂದ.
ಹದಿನೈದು: ಲಿಂಬಾಲಿ.
ಹದಿನಾರು, ಹದಿನೇಳು: ಲಿಂಬಾಲಿ.
ಇರಬಹುದು, ನಮ್ಮ ಕಾಡಲ್ಲಿ ಅದೇ ಹೆಚ್ಚು.
ನೂರಾ ಮೂವತ್ತೊಂದರಲ್ಲಿ, ಐದು ಹೆಜ್ಜೆ ದೂರ ನಿಂತ ನನಗೇ
ಬೆಳ್ಳುಳ್ಳಿ ಬಂದು ಹಣೆಗೆ ಬಡಿಯಿತು.
ಲಿಂಬಾಲಿ, ಎಂದ.
ಅಸುಮಾನಿ ನನ್ನ ಮುಖ ನೋಡಿದ.
ನಾನು ಇರುವೆಯ ಸಾಲು ನೋಡಿದೆ. ಬರೆದೆ.

ತರಬೇತಿಯಲ್ಲಿ ಹೇಳಿಕೊಟ್ಟಿದ್ದರು:
ಒಂದು ಮರ ಕಬ್ಬಿಣ, ಪಕ್ಕದ್ದು ಬೆಂಡು,
ಹೆಸರು ತಪ್ಪಿದರೆ ತೂಕ ತಪ್ಪುತ್ತದೆ,
ತೂಕ ತಪ್ಪಿದರೆ ಹೊಗೆಯ ಲೆಕ್ಕ ತಪ್ಪುತ್ತದೆ.
ಯಾರದೋ ವಿಮಾನ, ಯಾರದೋ ಕಾರ್ಖಾನೆ,
ಅದರ ಖರ್ಚಿನ ಎದುರಿಗೆ ಜಮಾ ಆಗಿ
ಇಲ್ಲಿ ಕೆಸರಲ್ಲಿ ಕಾಲೂರಿ ನಿಂತ ಈ ಮುನ್ನೂರ ತೊಂಬತ್ತು.
ಸಾರಿನ ಬಗ್ಗೆ ಆ ಪುಸ್ತಕದಲ್ಲಿ ಕಾಲಮ್ಮಿಲ್ಲ.
ಹುಳುವಿನ ಬಗ್ಗೆಯೂ ಇಲ್ಲ.

ರಾತ್ರಿ ಟಾರ್ಪಾಲಿನ ಕೆಳಗೆ
ಮರಗೆಣಸಿನ ಮುದ್ದೆ ಮುರಿಯುತ್ತ ಅವನೇ ಅಂದ:
ನಿನ್ನೆ ನನ್ನ ಅಂಗಿಯನ್ನೇ ಮೂಸಿ ನೋಡಿದೆ.
ಯಾರದೂ ಅಲ್ಲ.

ಬೆಳಿಗ್ಗೆ ಹದಿನೆಂಟು ಸಾಲು ಹೊಡೆದುಹಾಕಿದೆ.
ನೂರಾ ಹದಿನಾಲ್ಕಕ್ಕೆ ವಾಪಸು.
ಚಕ್ಕೆ ಈಗ ನನ್ನ ಮೂಗಿಗೆ, ಪ್ರಶ್ನೆ ಅವನದು.
ಹುಳಿಯೋ? ಅಲ್ಲ.
ದೋಣಿಯ ತಳದಲ್ಲಿ ನಿಂತ ನೀರು? ಹತ್ತಿರ ಬಂದೆ.
ಕಡಲೇಕಾಯಿ ಸೀದದ್ದು? ಹೂಂ, ಆದರೆ ನಿನ್ನೆ ಸೀದದ್ದು.
ಕೊನೆಗೆ ಗಂಟಲಲ್ಲಿ ಸೋಪು?
ಹೂಂ! ಅಂದೆ. ಕಣ್ಣು ಮುಚ್ಚಿಕೊಂಡೇ ಹೆಸರು ಹೇಳಿ
ಕೆಮ್ಮು ಬರುವಷ್ಟು ನಕ್ಕ.

ಹೀಗೆ ಮೂರು ದಿನ. ತುಂಡಿಗೆ ಒಂದೇ ದಿನದ ಕೂಲಿ.

ಇನ್ನೂರ ಎಂಟನೆಯದು ಮಾತ್ರ ಬಗ್ಗಲಿಲ್ಲ.
ಹುಳಿಯಲ್ಲ, ಸೋಪಲ್ಲ, ದೋಣಿಯಲ್ಲ.
ಅವನ ಪ್ರಶ್ನೆಗಳೆಲ್ಲ ಮುಗಿದವು.
ಹಾಗಾದರೆ ಇದನ್ನು ನಾನು ಮೂಸಿಯೇ ಇಲ್ಲ, ಅಂದ,
ಸಣ್ಣ ಹುಡುಗನಿಗೆ ಆಗುವಂಥ ಹೊಟ್ಟೆಕಿಚ್ಚಿನಲ್ಲಿ,
ಅಂಗೈಯನ್ನು ಆ ತೊಗಟೆಗೆ ಒತ್ತಿ ನಿಂತುಬಿಟ್ಟ.

ಹೆಸರಿನ ಮನೆಯಲ್ಲಿ ಬರೆದೆ:
ಮಳೆಯಲ್ಲಿ ನೆಂದ ಹೊಸ ಅಂಗಿ, ಒಳಗೆ ಮಗು.
ಆಫೀಸಿನ ಕಂಪ್ಯೂಟರು ಇದನ್ನು ಉಗುಳುತ್ತದೆ, ಗೊತ್ತು.

ಇನ್ನೂರ ಹನ್ನೊಂದು ಸೆಂಟಿಮೀಟರು,
ಅಸುಮಾನಿ ಎರಡನೇ ಸಲ ಕೂಗಿದ.
ಆಗ ಅದನ್ನೂ ಬರೆದುಕೊಂಡೆ.