ದಾರಕ್ಕೆ ಕಟ್ಟಿದ ನಟ್ಟು

ಕುಡಚಡೆಯ ರೈಲ್ವೆ ಗೇಟಿನಾಚೆ
ನನ್ನ ಶೆಡ್ಡಿನ ಗೋಡೆಯಲ್ಲಿ, ಮೊಳೆಗೆ,
ನೇತಾಡುತ್ತದೆ ರಬ್ಬರ್ ಅಂಚುಗಳ ಒಂದು ಸೆಟ್ಟು.
ಮಾರಾಟಕ್ಕಲ್ಲ, ಬಾಡಿಗೆಗೆ.
ದಿನಕ್ಕೆ ಮುನ್ನೂರು. ಸ್ಕ್ರೂ ನಿಮ್ಮದೇ.

ಜೀಪಿನವರು ಮೊದಲು ಬರುವುದು ಕೊಯ್ಯಿಸಲಿಕ್ಕೆ.
ಕಾರ್ಖಾನೆ ಕೊಟ್ಟ ಇಪ್ಪತ್ತೆಂಟಿಂಚಿನ ಗಾಲಿ ಬಿಚ್ಚಿ
ಮೂವತ್ಮೂರು ತೊಡಿಸಿದರೆ
ತಿರುವಿನಲ್ಲಿ ಮಡ್‌ಗಾರ್ಡು ಕಚ್ಚುತ್ತದೆ.
ಗ್ರೈಂಡರ್ ಹಿಡಿದು ತಗಡಿನ ತುಟಿ ಕೊಯ್ಯುತ್ತೇನೆ.
ಕಿಡಿ, ಬಣ್ಣ ಸುಟ್ಟ ವಾಸನೆ,
ಗಾಲಿ ನಾಲ್ಕು ಬೆರಳು ಹೊರಗೆ ಚಾಚಿ ನಿಲ್ಲುತ್ತದೆ
ಪಂಕ್ತಿಯಲ್ಲಿ ಮೊಳಕೈ ಅಗಲಿಸಿ ಕೂತ ಬೀಗರ ಹಾಗೆ.

ಆಮೇಲೆ ಬರುವುದು ಮುಚ್ಚಿಸಲಿಕ್ಕೆ,
ಆರ್‌ಟಿಓ ಚೀಟಿ ಕೈಗೆ ಬಂದ ಮೇಲೆ.

ಸಾಲ್ವಾದೋರ್ ಒಮ್ಮೆ ಕೇಳಿದ್ದ:
‘ಗಾಲಿ ನನ್ನದು, ದುಡ್ಡು ನನ್ನದು,
ಸರ್ಕಾರದ ಗಂಟೇನು ಹೋಗುತ್ತದೆ?’
ಉತ್ತರ ನನಗೂ ಗೊತ್ತಿರಲಿಲ್ಲ.
ಇಷ್ಟು ಮಾತ್ರ ಗೊತ್ತಿತ್ತು: ಅವನ ಮೀಟರು ನಲವತ್ತು ಅಂದಾಗ
ಗಾಲಿ ನಲವತ್ತೇಳು ಓಡುತ್ತಿರುತ್ತದೆ.
ಮುಳ್ಳಿಗೆ ಸುಳ್ಳಾಡಿದ ಅರಿವೂ ಇರುವುದಿಲ್ಲ.

ಇನ್‌ಸ್ಪೆಕ್ಟರ್ ಪ್ರಭುಗಾಂವ್ಕರ್ ಬಳಿ ಯಂತ್ರ ಇಲ್ಲ.
ಜೇಬಿನಲ್ಲೊಂದು ಬಿಳಿ ದಾರ, ತುದಿಗೆ ನಟ್ಟು.
ಮಡ್‌ಗಾರ್ಡಿನ ಅಂಚಿಗೆ ದಾರ ಒತ್ತಿ
ನಟ್ಟು ಇಳಿಬಿಡುತ್ತಾರೆ.
ಗಾಲಿ ದಾರಕ್ಕೆ ತಾಗಿದರೆ ಫೇಲು.
ಗಾಲಿಯ ಅಳತೆ ಬೇರೆ ಮಾತು,
ಅದಕ್ಕೆ ಬೇರೆ ಚೀಟಿ, ಬೇರೆ ಬಾಗಿಲು.

ಆ ಮಂಗಳವಾರ, ಸಾಲ್ವಾದೋರನ ಜೀಪಿನ ಹಿಂದೆ ಬಗ್ಗಿ
ಎಡ ಬದಿಯ ರಬ್ಬರಿನ ಮೇಲೆ ಬೆರಳಾಡಿಸಿದರು.
ಅಲ್ಲೊಂದು ಹಳದಿ ಕಲೆ, ಜೋಳದ ಕಾಳಿನಷ್ಟು.
‘ಮೌನೇಶ, ಇದರ ಪರಿಚಯ ಇದೆ ನನಗೆ.
ಜೂನ್‌ನಲ್ಲಿ ಕೆಂಪು ಜೀಪಿನ ಮೇಲೆ ಬಂದಿತ್ತು,
ಚೌತಿಯ ಹಿಂದಿನ ದಿನ ಹಸಿರಿನ ಮೇಲೆ.
ಆರೋಗ್ಯ ತಾನೇ?’
ನಾನು ಹಲ್ಲು ಕಿರಿದೆ.
ಅವರು ಸಹಿ ಹಾಕಿದರು.
ಆ ಸಹಿ ಯಾಕೆಂದು ಇವತ್ತಿಗೂ ತಿಳಿದಿಲ್ಲ.

ಸಂಜೆ ಸ್ಕ್ರೂ ಬಿಚ್ಚಿದೆ, ರಬ್ಬರು ಮೊಳೆಗೆ ಮರಳಿತು.

ಮರುದಿನ ಬೆಳಗ್ಗೆ ಆರೂಕಾಲಿಗೆ
ಪೊಂ ಪೊಂ ಅನ್ನುವ ಪಾವಿನ ಹಾರ್ನು
ಎರಡನೇ ಪೊಂ ಮುಗಿಸಲಿಲ್ಲ.
ಸೈಕಲ್ಲಿನ ಯಮನೂರ, ಕುಷ್ಟಗಿ ಕಡೆಯ ಹುಡುಗ,
ಚರಂಡಿಯ ಅಂಚಿನಲ್ಲಿ ಕೂತಿದ್ದ.
ಮುಂದೆ ಹೋದ ಜೀಪು ನಿಂತಿರಲಿಲ್ಲ.
ನಿಲ್ಲಬೇಕೆಂದು ಅದಕ್ಕೆ ಗೊತ್ತಾಗಿರಲಿಕ್ಕೂ ಇಲ್ಲ.
ಗಾಲಿ ಕಚ್ಚಿ ಉಗುಳಿದ ಜಲ್ಲಿ
ಎಡ ಹುಬ್ಬಿನ ಮೇಲೆ,
ಬುಟ್ಟಿಯ ನೀಲಿ ಪ್ಲಾಸ್ಟಿಕ್ಕಿನ ತುಂಬ ಕೆಮ್ಮಣ್ಣಿನ ರಾಡಿ.
ಅವನು ಮೊದಲು ಬುಟ್ಟಿ ನೋಡಿದ,
ಆಮೇಲೆ ಕೈಗೆ ಹತ್ತಿದ ರಕ್ತ.
‘ಕಣ್ಣ ಹೋಗಿಲ್ಲಣ್ಣ, ಪಾವಷ್ಟ ಹಾಳಾದ್ವು.’

ಯಾರ ಜೀಪು? ಅವನು ಕಂಡಿಲ್ಲ.
ಈ ಊರಿನ ದೊಡ್ಡ ಗಾಲಿಗಳಿಗೆಲ್ಲ
ತುಟಿ ಕೊಯ್ದವನು ನಾನೊಬ್ಬನೇ.

ಒಳಗೆ ಕೂತವನಿಗೆ ಮಡ್‌ಗಾರ್ಡು ಬೇಕಾಗಿಯೇ ಇಲ್ಲ.
ಇಪ್ಪತ್ತು ವರ್ಷ ತಗಡು ಬಡಿದ ಮೇಲೆ
ಇದು ಹೊಳೆದದ್ದು, ಯಮನೂರನ ಹಣೆಗೆ
ಹತ್ತಿ ಒತ್ತಿ ಹಿಡಿದಾಗ.

ಮುಂದಿನ ಚೀಟಿ ಹಿಡಿದು ಸಾಲ್ವಾದೋರ್ ಬಂದ.
ಡ್ರಿಲ್ಲು ಹಾಕಿ ರಿವೆಟ್ಟು ಬಡಿದೆ, ಗಾಲಿಗೆ ಹದಿನಾಲ್ಕರಂತೆ.
‘ಬಾಡಿಗೆ?’
‘ಬಾಡಿಗೆ ಇಲ್ಲ. ಮಾರಿದೆ.’
‘ನಾಳೆ ಬಿಚ್ಚೋದು ಹೇಗೆ?’
‘ಬಿಚ್ಚೋಕೆ ಬರೋದಿಲ್ಲ.’
ಕೊಂಕಣಿಯಲ್ಲಿ ಏನೋ ಬೈದ,
ಅಮ್ಮನಿಗೆ ಸೇರಿದ್ದು.
ಹಸಿರು ಜೀಪಿನವನು, ಕೆಂಪಿನವನು
ಈಗ ಸಾವರ್ಡೆಯ ಬೇರೊಂದು ಶೆಡ್ಡಿಗೆ ಹೋಗುತ್ತಾರಂತೆ.
ಅಲ್ಲಿ ಇನ್ನೂರೈವತ್ತಂತೆ.

ಮೊಳೆ ಹಾಗೇ ಇದೆ, ಖಾಲಿ.

ಪ್ರಭುಗಾಂವ್ಕರ್ ಹಳದಿ ಕಲೆಯನ್ನು ಹುಡುಕಿದರು,
ಕಂಡರು, ಪಕ್ಕದ ರಿವೆಟ್ಟಿನ ತಲೆ ಉಗುರಿನಿಂದ ತಟ್ಟಿದರು.
ಮಾತಾಡಲಿಲ್ಲ. ದಾರ ತೆಗೆದರು.
ಗಾಳಿ ಇತ್ತು. ನಟ್ಟು ತೂಗಾಡಿತು,
ಒಮ್ಮೆ ಗಾಲಿಯ ಕಡೆ, ಒಮ್ಮೆ ನನ್ನ ಕಡೆ.
ಇಬ್ಬರೂ ಕುಕ್ಕರುಗಾಲಲ್ಲಿ ಕೂತು
ಅದು ನಿಲ್ಲಲಿ ಎಂದು ಕಾದೆವು.