ತೂಕದ ಪುಸ್ತಕ

ಎಡಗಡೆ ಕಿಲೋ, ಬಲಗಡೆ ಚುಕ್ಕಿ.
ಅಕ್ಷರ ಕಲಿತದ್ದು ಇಷ್ಟಕ್ಕೇ ಅನ್ನಿ.

ಸಿದ್ದಾಪುರದ ಆಸ್ಪತ್ರೆಯಲ್ಲಿ ಸಿಸ್ಟರ್ ದೇಚವ್ವ
ತೋಳಿಗೆ ಚುಚ್ಚಿ, ಕಾರ್ಡಿಗೆ ತಾರೀಕು ಹಾಕಿ ಹೇಳಿದ್ದರು:
"ಉಜ್ಜಬೇಡ ಅಲ್ಲಿ. ಮೂರು ತಿಂಗಳು ಯಾರಿಗೂ ಗೊತ್ತಾಗಲ್ಲ."
ಮಾತ್ರೆಯಾದರೆ ಅಕ್ಕಿ ಡಬ್ಬದಲ್ಲಿ ಸಿಕ್ಕಿಬೀಳುತ್ತಿತ್ತು.
ಇದು ಮೈಯೊಳಗೇ ಕರಗುವ ಗುಟ್ಟು.
ಹೆಸರೂ ಚಂದ, ಅಂತರ.

ಗುಟ್ಟು ನಿಲ್ಲಲಿಲ್ಲ.
ಮೊದಲು ಕಂದು ಕಲೆ, ಎರಡು ದಿನ ಬಿಡುವು,
ಮತ್ತೆ ಕೆಂಪು. ನಮ್ಮ ಲೈನಿನ ಕೊನೆಯ ನಲ್ಲಿಯ ಹಾಗೆ
ಎಷ್ಟು ತಿರುಪಿದರೂ ತೊಟ್ಟು ತೊಟ್ಟು.
ತಂತಿಯ ಮೇಲಿನ ಬಟ್ಟೆ ಎಣಿಸಿ ಅತ್ತೆ
ನನ್ನನ್ನು ಜಗಲಿಗೆ ಹಾಕಿದರು.
ಮೂರು ದಿನಕ್ಕೆ ಹೊಲಿದ ಶಾಸ್ತ್ರ ಅದು, ಎಳೆದರೆ ಹರಿಯುತ್ತೆ.
ಹದಿನೇಳನೇ ದಿನ, ಒಲೆ ಊದಿ ಊದಿ ಕೆಮ್ಮುತ್ತಾ
ಬಾಗಿಲಿಗೆ ಬಂದವರು ಮುಖ ನೋಡದೆ ಅಂದರು:
"ಒಳಗೆ ಬಾ ಮಾರಾಯ್ತಿ, ದೇವರಿಗೂ ಹಸಿವಾಗುತ್ತೆ."

ಶುರುವಿನಲ್ಲಿ ಹೀಗೇ, ಆಮೇಲೆ ಪೂರ್ತಿ ನಿಲ್ಲುತ್ತೆ ಅಂದಿದ್ದರು ಸಿಸ್ಟರ್.
ನಿಲ್ಲಬಹುದಿತ್ತು. ಪಕ್ಕದ ಮನೆ ಚಂಪಕ್ಕನಿಗೆ ನಿಂತಿತ್ತು.
ನನಗೆ ವಾಸನೆ ಬಂತು.
ಕಿಬ್ಬೊಟ್ಟೆ ಮುಟ್ಟಿದರೆ ನೋವು, ಸಂಜೆಯಾದರೆ ಜ್ವರ.
ಗಿಡದ ಕೆಳಕೊಂಬೆಗೆ ಬಗ್ಗಲಾರದೆ
ಮೇಲಿನ ಹಣ್ಣನ್ನಷ್ಟೇ ಕೊಯ್ದೆ.
ಮೇಸ್ತ್ರಿ ತಕ್ಕಡಿ ನೋಡಿ "ನಿದ್ದೆಯಾ?" ಅಂದ.

ಮಡಿಕೇರಿ ಬಸ್ಸು. ತಿರುವು ತಿರುವಿಗೂ ತೊಡೆ ಬಿಗಿಹಿಡಿದು ಕೂತೆ.
ಡಾಕ್ಟರಮ್ಮ ಕೇಳಿದರು, ಎಷ್ಟು ದಿನದಿಂದ?
ಪುಸ್ತಕ ಮೇಜಿನ ಮೇಲಿಟ್ಟೆ.
ಅವರ ಬೆರಳು ಚುಕ್ಕಿ ಹಿಡಿದು ಇಳಿಯಿತು,
ಆಮೇಲೆ ಪಕ್ಕದ ಕಿಲೋ ಹಿಡಿದು ಇಳಿಯಿತು:
ಎಂಬತ್ತು, ಎಪ್ಪತ್ತೊಂದು, ಐವತ್ತು, ಮೂವತ್ತೆಂಟು.
"ಗರ್ಭಕೋಶದ ಒಳಪದರಕ್ಕೆ ಸೋಂಕಾಗಿ ಊದಿದೆ.
ಸೂಜಿಯಿಂದಲೇ ಆಯ್ತು ಅಂತ ಹೇಳಲಾರೆ.
ಸೂಜಿಯದ್ದೇ ರಕ್ತ ಅಂದುಕೊಂಡು
ಎಲ್ಲರೂ ಸುಮ್ಮನಿದ್ದದ್ದು ತಪ್ಪು."
ಹದಿನಾಲ್ಕು ದಿನಕ್ಕೆ ಮಾತ್ರೆ.
ಗಂಡನಿಗೂ ಒಂದು ಚೀಟಿ ಬರೆದರು.

"ಈ ಪುಟ ನನಗೆ ಕೊಡ್ತೀಯಾ?"
ಕೊಡಲಿಲ್ಲ. ಹಿಂದುಗಡೆ
ಮೇಸ್ತ್ರಿ ಕೊಡಬೇಕಾದ ಬಾಕಿ ಇತ್ತು.
ಫೋಟೊ ತೆಗೆದುಕೊಂಡರು.

ಇವತ್ತು ಬಲಗಡೆ ಖಾಲಿ. ನಿನ್ನೆಯೂ.
ಕಾರ್ಡಿನಲ್ಲಿ ಮುಂದಿನ ತಾರೀಕು ಶುಕ್ರವಾರ;
ಹೋಗುತ್ತೇನೋ ಇಲ್ಲವೋ, ಶುಕ್ರವಾರ ಬರಲಿ.
ಎಡಗಡೆ ಬರೆದೆ: ಅರವತ್ತನಾಲ್ಕು.
ಸುಂದರ ಕೈಕಾಲು ತೊಳೆದು ಊಟಕ್ಕೆ ಕೂತಿದ್ದಾನೆ.
ಅವನ ಚೀಟಿ ಇನ್ನೂ ನನ್ನ ರವಿಕೆಯಲ್ಲಿದೆ.