ತಟ್ಟೆಯ ಎಡಭಾಗ

ನಾಪೋಕ್ಲಿನ ಆ ಬೆಳಗಿನಲ್ಲಿ ಜೋಡಿ ಗುಂಡು ಹಾರಿತು.
ಸಿಲ್ವರ್ ಓಕಿನಿಂದ ಗಿಳಿಗಳೆಲ್ಲ ಒಟ್ಟಿಗೇ ಎದ್ದವು.
ನನ್ನ ಹೆಗಲೂ ಎದ್ದಿತು, ನನಗೆ ತಿಳಿಯುವ ಮೊದಲೇ.
'ಎಷ್ಟು ಮಿಲಿಸೆಕೆಂಡು?' ಎಂದು ಕೇಳಬೇಕಾದವರು
ಬಿಳಿ ಕುಪ್ಯ ತೊಟ್ಟು ಅಂಗಳದಲ್ಲಿ ಮಲಗಿದ್ದರು.
ಅರವತ್ತು, ಸರ್. ಎಪ್ಪತ್ತೂ ಇರಬಹುದು.
ಹೆದರಿಕೆ ಆಮೇಲೆ ಬಂತು.
ಅಳು ಇನ್ನೂ ದಾರಿಯಲ್ಲಿದೆ.

ಮಡಿಕೇರಿ ಕಾಲೇಜಿನ ಮೊದಲ ವಾರ
ನನ್ನಪ್ಪ ಸುಂಟಿಕೊಪ್ಪದ ಸಂತೆಯಲ್ಲಿ
ಕೊಡೆ ರಿಪೇರಿ ಮಾಡುವವನೆಂದು ಯಾರೋ ನಕ್ಕರು.
ಮೊಣ್ಣಪ್ಪ ಸರ್ ನಗಲಿಲ್ಲ, ಗದರಲೂ ಇಲ್ಲ.
ಮರುದಿನ ಬಟ್ಟೆ ಹರಿದುಹೋದ ಕೊಡೆಯೊಂದನ್ನು ತಂದು
ಮೇಜಿನ ಮೇಲೆ ಬಿಚ್ಚಿಟ್ಟರು. ಬರೀ ಕಡ್ಡಿಗಳು, ಕಾವು.
'ನರಕೋಶ ಹೆಚ್ಚುಕಮ್ಮಿ ಹೀಗೆ. ಹಿಡಿ, ಸಫಿಯಾ.
ನಿಮ್ಮ ಅಂಗಡಿಯ ಮಾಲೇ ಇದು.'

ವಾರ್ಡಿನಲ್ಲಿ ಬೆಟ್ಟಗೇರಿ ಕಡೆಯ ಮುದುಕರೊಬ್ಬರಿದ್ದರು,
ಮಿದುಳಿನ ಬಲಕ್ಕೆ ಏಟು ಬಿದ್ದು ಎಡಲೋಕ ಕಳಕೊಂಡವರು.
ತಟ್ಟೆಯ ಬಲಗಡೆ ಬಳಿದು ಉಂಡು
ಎಡಗಡೆಯ ಅನ್ನ ಮುಟ್ಟದೆ
'ಇಷ್ಟೇ ಬಡಿಸುವುದೇ ನೀವು?' ಎಂದು ಮುನಿಯುತ್ತಿದ್ದರು.
ಅಲ್ಲಿದೆ ನೋಡಿ, ಅಲ್ಲಿ, ಎಂದು ನಾವು ಎಂಟು ಮಂದಿ ಬೆರಳು ಚಾಚಿದೆವು.
ಸರ್ ಮಾತಾಡದೆ ತಟ್ಟೆಯನ್ನು ಅರ್ಧ ಸುತ್ತು ತಿರುಗಿಸಿದರು.
ಮುದುಕರ ಮುಖ ಬೆಳಗಿತು.
ಹೊರಗೆ ಬಂದು ಅಂದರು: 'ಕಣ್ಣು ಸರಿಯಿದೆ. ಎಡ ಎಂಬುದೇ ಇಲ್ಲ ಅವರಿಗೆ.
ಇಲ್ಲದ ಊರಿನ ದಾರಿ ತೋರಿಸಬೇಡಿ.
ತಟ್ಟೆ ತಿರುಗಿಸಿ.'

ಹನ್ನೊಂದು ವರ್ಷದ ಮೇಲೆ ಅದೇ ಏಟು, ಅದೇ ಬಲಕ್ಕೆ, ಅವರಿಗೆ.
ಭಾನುವಾರ ಬಸ್ಸು ಹಿಡಿದು ಹೋಗುತ್ತಿದ್ದೆ.
ಅರ್ಧ ಮುಖದ ಗಡ್ಡ ಮಾತ್ರ ಹೆರೆದುಕೊಂಡು
ದೊರೆಯ ಹಾಗೆ ಕೂತಿರುತ್ತಿದ್ದರು.
'ನನಗೆ ಎಡಗಡೆ ಇಲ್ಲವೆಂದು ಪುಸ್ತಕ ಹೇಳುತ್ತದೆ.
ನನಗಂತೂ ಏನೂ ಕಳೆದಂತೆ ಕಾಣುತ್ತಿಲ್ಲ. ಬರೆದುಕೋ.'
ಬರೆದುಕೊಂಡೆ.
ಎರಡು ಕಡಂಬುಟ್ಟು ತಿಂದು ತಟ್ಟೆ ಸರಿಸಿದಾಗ
ತಿರುಗಿಸಿದೆ.
'ಅರೆ, ಇನ್ನೆರಡು ಎಲ್ಲಿಂದ ಬಂತು?' ಎಂದವರು
ತಡೆದು, ನನ್ನ ಕೈ ನೋಡಿ,
ಕೆಮ್ಮು ಬರುವಷ್ಟು ನಕ್ಕರು.

ನೆನಪಿನ ಪಾಠದಲ್ಲಿ ಒಮ್ಮೆ ಹೇಳಿದ್ದರು:
'ಕನ್ನಡಕ್ಕೆ ಇದು ಮೊದಲೇ ಗೊತ್ತಿತ್ತು, ನಾವು ಇಲಿ ಕೊಂದು ಕಲಿತೆವು.
ನೆನೆದದ್ದು ನೆನೆಯುತ್ತದೆ.
ಹೊರತೆಗೆದಾಗಲೆಲ್ಲ ಹಸಿ. ಹಸಿಯ ಮೇಲೆ ಬೆರಳಚ್ಚು.
ಒಳಗೆ ಮರಳಿ ಇಡುವಾಗ ಅದು ಮೊದಲಿನದಲ್ಲ.'
ಅದಕ್ಕೇ ನಿಮ್ಮನ್ನು ಲೆಕ್ಕವಿಟ್ಟು ತೆಗೆಯುತ್ತಿದ್ದೇನೆ, ಸರ್,
ಸಕ್ಕರೆ ಕಾಯಿಲೆಯವಳು ಜೇನು ತೆಗೆಯುವ ಹಾಗೆ.
ಆದರೂ ಸ್ವೆಟರ್ ಹಸಿರೋ ಕಂದೋ, ಆಗಲೇ ಅನುಮಾನ.
ಕೊಡೆಯ ಕಡ್ಡಿ ಎಂಟಿತ್ತೇ?
ಎಂಟು ಮಂದಿ ಇದ್ದದ್ದು ವಾರ್ಡಿನಲ್ಲಲ್ಲವೇ?

ಮಣ್ಣಿಗೆ ಬಂದವರು ಬೇರೊಬ್ಬರ ಕಥೆ ಹೇಳುತ್ತಿದ್ದರು:
ಹಾಕಿಯಲ್ಲಿ ಎಡಗಡೆ ಓಡುತ್ತಿದ್ದನಂತೆ, ಹಲ್ಲೊಂದು ಕಳಕೊಂಡನಂತೆ.
ತಮ್ಮನೊಡನೆ ಒಂಬತ್ತು ವರ್ಷ ಮಾತಿರಲಿಲ್ಲವಂತೆ.
ಕುಡಿದರೆ ದುಡಿ ಬಾರಿಸುತ್ತಿದ್ದನಂತೆ, ತಾಳ ತಪ್ಪಿ.
ದುಡಿ? ಸರ್?
ಹಸಿದವಳ ಹಾಗೆ ಕೇಳುತ್ತ ನಿಂತೆ.
ಇಪ್ಪತ್ತು ವರ್ಷ ಒಂದೇ ಕಡೆಯಿಂದ ಉಂಡಿದ್ದೆನೇ?

ಹೊರಡುವಾಗ ಅಕ್ಕ ಬೊಳ್ಳಮ್ಮ ಕೋಟು ತಂದು ಕೊಟ್ಟರು.
ಬಲ ಜೇಬು ಬರಿದು, ತೂತು ಬಿದ್ದದ್ದು.
ಎಡ ಜೇಬಿಗೆ ಹದಿನಾಲ್ಕು ತಿಂಗಳಿಂದ ಕೈ ಹೋಗಿರಲಿಲ್ಲ:
ಒಂದು ಏಲಕ್ಕಿ, ಗೇಣಿಗೂ ಬಾರದ ಚಾಕ್ ತುಂಡು,
ಏಟು ಬೀಳುವ ಹಿಂದಿನ ದಿನದ ಚೀಟಿ.
ಬಲ್ಬು. ಗೀಟು ಎಳೆದಿದೆ.
ಬ್ಲೇಡು. ಗೀಟು ಎಳೆದಿದೆ.
ಸಫಿಯಾಗೆ ಫೋನು.